ಕೆಂಪು ಸೂಜಿ

ರವಿವಾರ, ೧೫ ಜೂನ್ ೨೦೨೫, ಸೋಲಾಪುರ

ನನ್ನ ಮೇಲೆ ನನಗೇ ಹೇಸಿಗೆ ಬಂದಿದೆ. ಮನೋವೈದ್ಯನಾದ ನನಗೆ ಆಸ್ಪತ್ರೆ ಕೊಡುವ ಪಗಾರ ಮನೆ ಬಾಡಿಗೆಗೂ ಮಗಳ ಶಾಲೆಯ ಫೀಗೂ ಮುಗಿದುಹೋಗುತ್ತದೆ. ಒಲೆ ಉರಿಯುವುದು ಅಕ್ಕಲಕೋಟೆಯ ರವಿವಾರದ ಕ್ಲಿನಿಕ್ಕಿನಿಂದ.

ಇವತ್ತು ಅಲ್ಲಿಗೆ ಹನ್ನೂರಿನ ಕಸ್ತೂರಬಾಯಿ ತನ್ನ ಸೊಸೆ ಸುವರ್ಣಾಳನ್ನು ಕರೆತಂದಿದ್ದಳು. ಕೂಸು ತೀರಿಹೋದಾಗಿನಿಂದ ಸುವರ್ಣಾ ಬಾಯಿ ಬಿಟ್ಟಿರಲಿಲ್ಲವಂತೆ. ನಮ್ಮಜ್ಜಿ ಊರವರಿಗೆ ಹೇಳುತ್ತಿದ್ದ ಕತೆಯೊಂದನ್ನು ಹೇಳುತ್ತ ಕೂತೆ. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಅವಳೇ ತನ್ನದನ್ನು ಹೇಳತೊಡಗಿದಳು. ಮನಸಾರೆ ಅತ್ತಳು.

ಫೀ ಕೇಳಿದ್ದಕ್ಕೆ ಅತ್ತೆ ಸಿಡುಕಿದಳು: "ಬರೇ ಮಾತಾಡಿದ್ದಕ್ಕ ರೊಕ್ಕಾ ಏನ್ರಿ ಸಾಹೇಬ್ರ? ಮಾತು ನಮ್ಮೂರ ಕಟ್ಟಿ ಮ್ಯಾಲ ಫುಕಟ ಸಿಗತಾವ. ಒಂದು ಸೂಜಿನರ ಮಾಡ್ರಿ!"

ಮಾಡಿದೆ. ಸುವರ್ಣಾಳಿಗೆ ಬೇಕಿಲ್ಲದ, ಕೆಂಪು ಬಣ್ಣದ ವಿಟಮಿನ್ ಸೂಜಿ. ತಕರಾರಿಲ್ಲದೆ ರೊಕ್ಕ ಬಂತು. ಅಜ್ಜಿಯ ಕತೆಗೆ ಊರವರು ಉಡಿ ತುಂಬ ಜೋಳ ಹಾಕುತ್ತಿದ್ದರು. ಅವಳು ಯಾರನ್ನೂ ಚುಚ್ಚಬೇಕಾಗಿರಲಿಲ್ಲ.

ಹೊರಡುವಾಗ ಕಸ್ತೂರಬಾಯಿ ಹೇಳಿದಳು: "ಮುಂದಿನ ಐತವಾರ ಮಾತು ಬ್ಯಾಡ್ರಿ, ಸೂಜಿ ಅಷ್ಟ ಮಾಡಿ ಕಳಸ್ರಿ. ಬಸ್ ತಪ್ಪತೈತಿ."

ನಾನು ಏನನ್ನುತ್ತೇನೆಂದು ಸುವರ್ಣಾ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಆಗಲಿ" ಎಂದೆ.