ಕಾಳವ್ವನ ಕೊಂಡಿ

ಅರಬೈಲ್ ಘಟ್ಟದ ಬುಡ
ಫೆಬ್ರವರಿ ೩೦, ೨೨೦೪

ನಮ್ಮ ಮುತ್ತಜ್ಜ ಮುತ್ತಜ್ಜಿಯರ ಕಾಲದ ಹಿರಿಯರಿಗೆ ಮೌನೇಶ್ವರಿ ಬಡಿಗೇರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಾವು ತಿಂಗಳುಗಳನ್ನು ತಿದ್ದಿಕೊಂಡು ಬಹಳ ಕಾಲವಾಯಿತು. ಫೆಬ್ರವರಿಗೂ ಉಳಿದವುಗಳ ಸಮಕ್ಕೆ ದಿನ ಕೊಟ್ಟಿದ್ದೇವೆ. ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅಂಥ ಕಡೆ ನಿಂತು ಅರ್ಥ ಹೇಳುತ್ತೇನೆ, ಕ್ಷಮೆಯಿರಲಿ. ಹೆಸರು ಮೌನೇಶ್ವರಿಯಾದರೂ ಬಾಯಿಗೆ ಬೀಗವಿಲ್ಲದವಳು ಎಂದು ನಮ್ಮ ಅವ್ವ ಯಾವಾಗಲೂ ಬೈಯುತ್ತಿದ್ದಳು. ಈ ಪತ್ರ ಬರೆಯುತ್ತಿರುವುದೇ ಅವಳ ವಿಷಯ ಹೇಳುವುದಕ್ಕೆ. ಜಂಬ ಕೊಚ್ಚುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ.

ನಮ್ಮ ಗಾಡಿಗಳು ಓಡುವುದು ದಂಟೆಣ್ಣೆಯಿಂದ. ಜೋಳದ ದಂಟನ್ನು ಹಿಂಡಿ, ಹುಳಿಹಿಡಿಸಿ, ಭಟ್ಟಿ ಇಳಿಸಿದರೆ ಬರುವ ಉರುವಲು ಅದು. ಅದೇ ದಂಟು ಎಮ್ಮೆಗೂ ಬೇಕು. ಗಾಡಿ ಹೆಚ್ಚು ಕುಡಿದರೆ ಮನೆಯ ಮಕ್ಕಳಿಗೆ ಹಾಲು ಕಡಿಮೆ. ಹಾಗಾಗಿ ನಮ್ಮಲ್ಲಿ ಹೆಣ್ಣು ಗಂಡು ನೋಡಲು ಹೋದವರೂ ಮೊದಲು ಅಂಗಳದಲ್ಲಿ ನಿಂತ ಗಾಡಿ ಎಷ್ಟು ಕುಡಿಯುತ್ತದೆ ಎಂದು ವಿಚಾರಿಸುತ್ತಾರೆ. ನಿಮ್ಮ ಕಾಲದ ವಾಹನಗಳ ಚಿತ್ರ ನೋಡಿದಾಗ ನಮ್ಮ ಅವ್ವ ಕಾಳವ್ವನಿಗೆ ಒಂದೇ ಮಾತು ತಿಳಿಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಘಟ್ಟ ಹತ್ತುವುದಕ್ಕಾಗಿ ಈ ಜನ ವರ್ಷವಿಡೀ ಘಟ್ಟದಷ್ಟು ಎಂಜಿನ್ ಹೊತ್ತುಕೊಂಡು ಸಂತೆಗೆ ಯಾಕೆ ಹೋಗುತ್ತಿದ್ದರು? ನೀವು ದಡ್ಡರು ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ನಿಮ್ಮಲ್ಲಿ ಪ್ರತಿಯೊಬ್ಬರೂ ಒಬ್ಬೊಬ್ಬರೇ ಹತ್ತಬೇಕಾಗಿತ್ತೋ ಏನೋ ಎಂದು ಮರುಗುತ್ತಿದ್ದಳು.

ನಮ್ಮ ಮನೆತನ ಹುಬ್ಬಳ್ಳಿ ಸೀಮೆಯಿಂದ ಬಂದು ಈ ಘಟ್ಟದ ಬುಡದಲ್ಲಿ ಗಾಡಿ ಕಟ್ಟಲು ಕೂತದ್ದು. ಅವ್ವ ಇಲ್ಲಿ ಒಂಟಿಗುಂಡಿಗೆ ಮಾಡಿದಳು. ಒಂಟಿಗುಂಡಿಗೆ ಎಂದರೆ ಒಂದೇ ಸಿಲಿಂಡರಿನ ಎಂಜಿನ್, ಹೆಣ್ಣುಮಗಳೊಬ್ಬಳು ಕಂಕುಳಲ್ಲಿ ಎತ್ತಿಕೊಳ್ಳುವಷ್ಟು ಹಗುರ. ಎಂಜಿನ್ ಹಗುರಾದ್ದರಿಂದ ಅದನ್ನು ಹೊರುವ ಚಾಸಿ ಹಗುರಾಯಿತು; ಚಾಸಿ ಹಗುರಾದ್ದರಿಂದ ಬ್ರೇಕು, ಟೈರು ಸಣ್ಣವಾದವು; ಗಾಡಿಯ ಬೆಲೆ ಅರ್ಧಕ್ಕಿಳಿಯಿತು. ಕುಡಿಯುವುದಂತೂ ಗುಬ್ಬಿ ಕುಡಿದಂತೆ. ಗೇರಿನ ಪೆಟ್ಟಿಗೆ ದೊಡ್ಡದಾಗುತ್ತದೆಂದು ಅವಳು ಕಡಿದಾದ ಏರಿಗೆ ಬೇಕಾದ ಗೇರನ್ನೂ ಬಿಟ್ಟಳು. ಆದರೂ ನಾಲ್ಕು ಜನರನ್ನು ಕೂರಿಸಿಕೊಂಡು ಘಟ್ಟ ಹತ್ತಿಸಿ ತೋರಿಸಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಆ ಎಂಜಿನ್ನಿನ ಮುಂದೆ ನಾನೂ ಅವಳಿಗೆ ಎರಡನೆಯ ಮಗಳಾಗಿದ್ದೆ.

ಆಮೇಲೆ ನನ್ನ ಮದುವೆ ಬಂತು. ಗಂಡಿನ ಮನೆ ಘಟ್ಟದ ಮೇಲೆ, ಯಲ್ಲಾಪುರದಲ್ಲಿ. ಅವ್ವ ಎಲ್ಲ ಲೆಕ್ಕ ಹಾಕಿದ್ದಳು, ಮದುವೆಯ ದಿಬ್ಬಣವೊಂದನ್ನು ಬಿಟ್ಟು. ನಾಲ್ಕು ಜನರ ಗಾಡಿಯಲ್ಲಿ ಹನ್ನೊಂದು ಜನ ಕೂತರು. ಕಾಲಡಿಗೆ ಹಿತ್ತಾಳೆ ಹಂಡೆ, ತಲೆಮೇಲೆ ಉಂಡೆಯ ಬುಟ್ಟಿಗಳು, ಮಗ್ಗುಲಿಗೆ ಸೋದರಮಾವ ಮಾನಪ್ಪ. ಅವನೊಬ್ಬನೇ ಇಬ್ಬರ ತೂಕ. ಘಟ್ಟದ ನಡುವಿನ ದೊಡ್ಡ ತಿರುವಿನಲ್ಲಿ ಒಂಟಿಗುಂಡಿಗೆ ಕೆಮ್ಮಿತು, ನಡುಗಿತು, ನಿಂತಿತು. ಚಕ್ರಕ್ಕೆ ಕಲ್ಲು ಕೊಟ್ಟು ಎಲ್ಲರೂ ಇಳಿದೆವು. ಮುಹೂರ್ತ ಮೀರುತ್ತಿತ್ತು. ಬೀಗರ ಮುಂದೆ ಮಾನ ಹೋಗುವುದು ಒಂದು ಕಡೆ. ಈ ಸುದ್ದಿ ಹರಡಿದರೆ ಅವ್ವನ ಎಂಜಿನ್ನನ್ನು ಇನ್ನಾರೂ ಕೊಳ್ಳುವುದಿಲ್ಲ ಎನ್ನುವುದು ಇನ್ನೊಂದು ಕಡೆ. ನನಗೆ ಅಳು ಬಂತು, ಸಿಟ್ಟೂ ಬಂತು.

"ಹೇಳಿದ್ದಿಲ್ಲೇನ ತಂಗಿ, ನಾಕು ಸಿಲಿಂಡರ್ ಹಾಕು ಅಂತ?" ಎಂದ ಮಾನಪ್ಪ ಮಾವ. ಹಾಕಿದ್ದರೆ ಹತ್ತುತ್ತಿತ್ತು, ಸುಳ್ಳಲ್ಲ. ಆದರೆ ಅಂಥ ಗಾಡಿಯನ್ನು ಈ ಬುಡದಲ್ಲಿ ಎಷ್ಟು ಮನೆಯವರು ಕೊಳ್ಳಬಲ್ಲವರಾಗಿದ್ದರು?

ಅಷ್ಟರಲ್ಲಿ ಕೆಳಗೆ ಜೋಳ ಇಳಿಸಿ ಬರಿದಾಗಿ ಮರಳುತ್ತಿದ್ದ ಮೂರು ಗಾಡಿಗಳು ಬಂದು ನಿಂತವು. ಮೂರರಲ್ಲೂ ಅವ್ವನ ಎಂಜಿನ್ನೇ. ಚಾಲಕರು ಹಗ್ಗ ತೆಗೆದದ್ದೇ ತಡ, ಅವ್ವ ಬಾನೆಟ್ಟಿಗೆ ಅಡ್ಡ ನಿಂತಳು. "ಯಾರೂ ಮುಟ್ಟಬ್ಯಾಡ್ರಿ! ಜರಾ ಆರಲಿ. ನನ್ನ ಎಂಜಿನ್ ತಾನ ಏರತೈತಿ."

ಬಾಸಿಂಗ ಕಟ್ಟಿಕೊಂಡೇ ನಾನು ಮುಂದೆ ಹೋಗಿ ಹಗ್ಗ ಇಸಿದುಕೊಂಡೆ. "ಅವ್ವಾ, ಎಂಜಿನ್ ನಿಂದು ಖರೆ. ಮದವಿ ನಂದು," ಎಂದೆ. ಅವಳು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದಳು. ಗಂಟು ನಾನೇ ಬಿಗಿದೆ.

ಮೂರು ಬರಿಗಾಡಿಗಳು ಮುಂದೆ ಎಳೆದವು, ನಮ್ಮದು ಹಿಂದಿನಿಂದ ತನ್ನ ಪಾಲಿನದನ್ನು ಒದ್ದಿತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ. ನಾಲ್ಕು ಪುಟ್ಟ ಎಂಜಿನ್ನುಗಳು ಹಂಡೆ, ಉಂಡೆ, ಮಾನಪ್ಪ ಮಾವ ಸಮೇತ ನಮ್ಮನ್ನು ಯಲ್ಲಾಪುರ ಮುಟ್ಟಿಸಿದವು. ಅಕ್ಷತೆ ಬೀಳುವ ಹೊತ್ತಿಗೆ ಅವ್ವ ಚಪ್ಪರದಲ್ಲಿರಲಿಲ್ಲ. ಹೊರಗೆ ಗಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಗ್ಗ ಉಜ್ಜಿದ ಜಾಗವನ್ನು ಗೇಣಿನಿಂದ ಅಳೆಯುತ್ತಿದ್ದಳಂತೆ. ದಾರಿಯ ಮೇಲೆ ಎಲ್ಲ ಗಾಡಿಗಳೂ ಒಂದೇ ಹೊತ್ತಿಗೆ ತುಂಬಿರುವುದಿಲ್ಲ ಎಂಬ ಸಾದಾ ಸಂಗತಿ ಅವಳಿಗೆ ಹೊಳೆದಿತ್ತು. ಎಂಜಿನ್ ಬೆಳೆಸಬೇಕಾಗಿರಲಿಲ್ಲ.

ಮರುವಾರವೇ ಕೊಂಡಿ ಮಾಡಿದಳು. ಮುಂದೊಂದು ಹಿಂದೊಂದು, ಜಗ್ಗಿದರೆ ಬಿಗಿಯುವ, ತಿರುವಿನಲ್ಲಿ ಹೊರಳುವ ಉಕ್ಕಿನ ಕೊಂಡಿ. ಅದು ಸೇರಿದ ಮೇಲೂ ಗಾಡಿಯ ಬೆಲೆ ಹೆಚ್ಚೇನೂ ಏರಲಿಲ್ಲ. ಇಂದು ಈ ನಾಡಿನ ಯಾವ ಘಟ್ಟಕ್ಕೆ ಹೋದರೂ ಬುಡದಲ್ಲಿ ಗಾಡಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬರಿದಾದದ್ದು ತುಂಬಿದ್ದನ್ನು ಎಳೆಯುತ್ತದೆ, ನೆತ್ತಿಯಲ್ಲಿ ಎಲ್ಲರೂ ಬಿಡಿಸಿಕೊಂಡು ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಬಾಡಿಗೆಯ ಮಾತೇ ಇಲ್ಲ. ಇವತ್ತು ಎಳೆಸಿಕೊಂಡವರು ನಾಳೆ ಎಳೆಯುತ್ತಾರೆ.

ಅವ್ವನಿಗೆ ಒಂದೇ ಬೇಸರವಿತ್ತು. ಒಂಟಿಗುಂಡಿಗೆಗೆ ತನ್ನ ಹೆಸರು ಬರಲಿ ಎಂಬ ಆಸೆ ಅವಳದು. ಜನ ಅದನ್ನು ಕೊಂಡಿಗೆ ಇಟ್ಟರು. ಈಗಲೂ ಬುಡದಲ್ಲಿ ಚಾಲಕರು ಕೂಗುವುದು ಹಾಗೆಯೇ: "ಕಾಳವ್ವನ್ನ ಹಾಕ್ರೀ!" ಮೊದಮೊದಲು ಅವಳು ಮುಖ ಊದಿಸಿಕೊಂಡಳು. ವಯಸ್ಸಾದ ಮೇಲೆ ಕಟ್ಟೆಯ ಮೇಲೆ ಕೂತು, ಪ್ರತಿ ಕೂಗಿಗೂ "ಓ" ಅನ್ನತೊಡಗಿದಳು. ಚಾಲಕರು ನಕ್ಕು ಕೈಬೀಸುತ್ತಿದ್ದರು. ಅವಳು ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ನಾನು ಯಲ್ಲಾಪುರದಿಂದ ಇಳಿದು ಬಂದೆ; ಆಗಲೂ ಒಳಗಿನಿಂದ "ಓ" ಕೇಳಿಸುತ್ತಿತ್ತು. ಹೋದ ತಿಂಗಳು ಅದು ನಿಂತಿತು. ಆ ದಿನ ಬುಡದಲ್ಲಿ ಯಾರೂ ಕೂಗಲಿಲ್ಲ, ಸುಮ್ಮನೆ ಕೊಂಡಿ ಹಾಕಿಕೊಂಡು ಹೋದರು. ಮರುದಿನ ಮತ್ತೆ ಕೂಗು ಕೇಳಿಸಿದಾಗ ನನ್ನ ಬಾಯಿಂದ ತಾನಾಗಿಯೇ "ಓ" ಬಂತು. ಈಗ ಅದು ನನ್ನ ಕೆಲಸ.

ಹಿರಿಯರೇ, ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಕಾಲದಲ್ಲೂ ಅದೇ ತಿರುವಿನಲ್ಲಿ ಯಾರೋ ಬಾನೆಟ್ ಎತ್ತಿಕೊಂಡು, ದಾರಿ ನೋಡುತ್ತ ನಿಂತಿರುತ್ತಾರೆ. ನಮ್ಮ ಅವ್ವನ ಹೆಸರು ಅವರಿಗಿನ್ನೂ ಗೊತ್ತಿಲ್ಲ, ಕೂಗಲಾರರು. ಅವರು ಕೂಗದಿದ್ದರೂ ನೀವು ಓ ಅನ್ನಿ.