ಬೆಸುಗೆ ನನ್ನದು, ಸಹಿ ನಿಮ್ಮದು

ನಮ್ಮ ರಿಪೇರಿ ಕೋಣೆಯ ದೊಡ್ಡಕ್ಕನಿಗೆ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ತ್ರಾಣವೂ ಉಳಿದಿಲ್ಲ.

ಆಸ್ಪತ್ರೆಯ ನೆಲಮಾಳಿಗೆಗೆ ನಾನು ಕೆಲಸಕ್ಕೆ ಬಂದ ಮೊದಲ ವಾರವೇ ನೀವು ಟ್ರಾನ್ಸಿಸ್ಟರ್ ಒಂದನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದ್ದಿರಿ: "ಇದಕ್ಕೆ ಸ್ವಂತ ಬುದ್ಧಿ ಇಲ್ಲ ಕಣೇ. ಬೇಸ್ ಅನ್ನೋ ಈ ಕಾಲಿಗೆ ನಾವೆಷ್ಟು ಕೊಡ್ತೀವೋ ಹಾಗೆ ನಡ್ಕೊಳ್ಳುತ್ತೆ. ಅರ್ಧ ವೋಲ್ಟೂ ಸಿಗದಿದ್ರೆ ಕದ ಮುಚ್ಕೊಂಡು ಕೂರುತ್ತೆ, ಕರೆಂಟೇ ಹರಿಯಲ್ಲ. ಅತಿಯಾದ್ರೆ ಕದ ಪೂರ್ತಿ ತೆರೆದು ನಿಂತುಬಿಡುತ್ತೆ, ಆಮೇಲೆ ಏನು ಬಂದ್ರೂ ಅಲುಗಲ್ಲ. ನಡುವೆ ಒಂದು ಹದ ಇದೆ. ಅಲ್ಲಿ ಕೂರಿಸಿದ್ರೆ ಮಾತ್ರ ಸಣ್ಣ ಮಿಡಿತಾನ ದೊಡ್ಡದು ಮಾಡಿ ತೋರಿಸುತ್ತೆ. ಈ ಇನ್ನೊಂದು ಕಾಲು ಕಲೆಕ್ಟರ್, ಅದರ ವೋಲ್ಟೇಜ್ ಅಳೀದೆ ಯಾವ ಯಂತ್ರಾನೂ ಮೇಲೆ ಕಳಿಸ್ಬೇಡ."

ಆದರೂ ಒಂದು ದಿನ ಅಳೆಯದೆ ಕಳಿಸಿದೆ. ಅಂದಿನ ಏಳನೆಯ ಕೆಲಸ, ಎದೆಬಡಿತ ತೋರಿಸುವ ಹಳೆಯ ಪೆಟ್ಟಿಗೆ. ಬೇಸ್‌ಗೆ ಹೋಗುವ ರೆಸಿಸ್ಟರ್ ಸುಟ್ಟಿತ್ತು. ಕಿತ್ತಳೆ ಪಟ್ಟಿಯದನ್ನು ಹಾಕುವ ಕಡೆ ಕೆಂಪು ಪಟ್ಟಿಯದನ್ನು ಹಾಕಿದೆ. ಇರಬೇಕಾದ ತಡೆಯ ಹತ್ತರಲ್ಲೊಂದು ಪಾಲು, ಬೇಸ್‌ಗೆ ಅತಿಯಾಯಿತು. ದೀಪ ಹೊತ್ತಿತು, ಸಾಕೆಂದುಕೊಂಡೆ. "ಅಳೆದೆ" ಎಂದ ನನ್ನ ಮಾತು ನಂಬಿ ನೀವು ರಿಪೇರಿ ಕಾರ್ಡಿಗೆ ಸಹಿ ಹಾಕಿದಿರಿ.

ವಾರ್ಡಿನಲ್ಲಿ ಅದರ ಪರದೆಯ ಗೆರೆ ಮಟ್ಟಸವಾಗಿ ಮಲಗಿಬಿಟ್ಟಿತು. ಹಾಸಿಗೆಯ ಮೇಲಿನ ಅಜ್ಜ ನಿದ್ದೆಯಲ್ಲಿದ್ದರು, ಅಷ್ಟೇ. ಅವರ ಮಗಳು ಅದನ್ನು ನೋಡಿ ಕುಸಿದಳು, ಮಂಚದ ಅಂಚಿಗೆ ಹಣೆ ಬಡಿದು ಒಂಬತ್ತು ಹೊಲಿಗೆ ಬಿತ್ತು. ಗಲಾಟೆಗೆ ಎಚ್ಚೆತ್ತ ಅಜ್ಜ "ಯಾರು ಹೋದ್ರು?" ಎಂದು ಕೇಳಿದರಂತೆ. ಎಲ್ಲರೂ ನಕ್ಕರು. ನನಗೆ ಇವತ್ತಿಗೂ ನಗು ಬಂದಿಲ್ಲ.

ವಿಚಾರಣೆಯ ದಿನ ನೀವೇ ಆ ಪೆಟ್ಟಿಗೆಯ ಕಲೆಕ್ಟರ್ ವೋಲ್ಟೇಜ್ ಅಳೆದಿರಿ. ಆರು ವೋಲ್ಟ್ ಇರಬೇಕಾದಲ್ಲಿ ಸೊನ್ನೆ ಪಾಯಿಂಟ್ ಎರಡು. ನನ್ನ ಮುಖ ನೋಡಿದಿರಿ. ನಾನು ನೆಲ ನೋಡಿದೆ. "ಸಹಿ ನನ್ನದು, ತಪ್ಪೂ ನನ್ನದೇ" ಅಂದಿರಿ. ನಿಮ್ಮನ್ನು ಉಗ್ರಾಣಕ್ಕೆ ಹಾಕಿದರು. ಸೋಲ್ಡರಿಂಗ್ ಐರನ್ ಹಿಡಿದ ಕೈಯಲ್ಲಿ ನಿವೃತ್ತಿಯವರೆಗೂ ಚಾದರ ಮಡಿಸಿದಿರಿ. ಎದುರಾದಾಗಲೆಲ್ಲ "ಊಟ ಆಯ್ತಾ?" ಎಂದಷ್ಟೇ ಕೇಳುತ್ತಿದ್ದಿರಿ. ಒಮ್ಮೆ ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು.

ಕಳೆದ ಸೋಮವಾರ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಕಾಗದ ನನ್ನ ಮೇಜಿಗೆ ಬಂತು. ಪೆನ್ನು ಏಳಲಿಲ್ಲ. ಸೂಪರಿಂಟೆಂಡೆಂಟರ ಮುಂದೆ ನಿಂತು ಎಲ್ಲ ಹೇಳಿದೆ. "ಅವರು ನಿವೃತ್ತರಾಗಿ ಆಯ್ತಲ್ಲಮ್ಮ, ಈಗ್ಯಾಕೆ ಕೆದಕ್ತೀರಿ?" ಅಂದರು. ಬರೆದೇ ಕೊಟ್ಟೆ. ನಿಮ್ಮ ಸೇವಾ ಪುಸ್ತಕದಲ್ಲಿ ತಪ್ಪು ನಿಮ್ಮದೆಂದು ಬರೆದಿದ್ದ ಸಾಲು ಹೊಡೆದುಹಾಕಿದ್ದಾರೆ. ಪ್ರತಿ ಇದರ ಜೊತೆಗಿದೆ. ನನ್ನನ್ನು ಸದ್ಯಕ್ಕೆ ಮನೆಯಲ್ಲಿರಲು ಹೇಳಿದ್ದಾರೆ. ಇರುತ್ತೇನೆ. ತುಂಬಾ ದಣಿದಿದ್ದೇನೆ ಅಕ್ಕ.

ಕ್ಷಮಿಸಿ ಎಂದು ಕೇಳುತ್ತಿಲ್ಲ. ಉತ್ತರ ಬರೆಯಬೇಕೆನಿಸಿದರೆ ಬೈದೇ ಬರೆಯಿರಿ. ನಿಮ್ಮ ಮಂಡಿನೋವು ಇಳಿಯಲಿ, ಮಧ್ಯಾಹ್ನದ ನಿದ್ದೆ ಯಾರೂ ಕೆಡಿಸದಿರಲಿ.

ಇಷ್ಟು ವರ್ಷ ನಿಮ್ಮ ಬೆನ್ನ ಹಿಂದೆ ಅಡಗಿದ್ದ,
ನಿಮ್ಮ ಕೈಕೆಳಗಿನವಳು