ಗಿರಣಿಯವಳಿಲ್ಲದ ವೈನು

ಮರಾನೊ, ವಾಲ್ಪೊಲಿಚೆಲ್ಲಾ
೨೩ ಫೆಬ್ರವರಿ ೨೦೦೫

ಎರ್ಮಿನಿಯಾಗೆ, ನಿನ್ನ ಗಂಡ ಸಿಲ್ವೀನೊ ಬರೆಯುವುದು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದೆಯಲ್ಲ, ನಿನಗೆ ಸಮಾಧಾನವಾಯಿತೇ? ಫೋನು ಮಾಡಿದರೆ ನಿನ್ನ ತಂಗಿ ಜೆಮ್ಮಾ ಎತ್ತಿ, "ಭಾವ, ಅಕ್ಕ ಸ್ನಾನಕ್ಕೆ ಹೋಗಿದಾಳೆ" ಅನ್ನುತ್ತಾಳೆ. ಬೆಳಿಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ಪಾದೊವಾದಲ್ಲಿ ನೀರು ಅಷ್ಟು ಅಗ್ಗವೇ? ಮಂಡಿನೋವು ಹೇಗಿದೆ? ಆ ಮನೆಯ ಮೆಟ್ಟಿಲು ಸುಮ್ಮಸುಮ್ಮನೆ ಹತ್ತಿಳಿಯಬೇಡ. ನಾನು ಚೆನ್ನಾಗಿದ್ದೇನೆ, ಕೆಮ್ಮು ಬಿಟ್ಟರೆ.

ಭಾನುವಾರ ಹೊಸ ವೈನನ್ನು ಮೊದಲ ಸಲ ಊಟಕ್ಕೆ ತಂದೆವು. ಮಾಂಸ ಬೇಯಿಸಿ, ಅದಕ್ಕೆ ಪೆಯರಾ ಗೊಜ್ಜು ನಾನೇ ಮಾಡಿದೆ. ಒಣ ಬ್ರೆಡ್ಡು, ಮೂಳೆಯ ಮಜ್ಜೆ, ಕೈತುಂಬ ಕಾಳುಮೆಣಸು, ಬೆಳಗಿನಿಂದ ಸಣ್ಣ ಉರಿ. ತಳ ಹಿಡಿಯಿತು, ಅದು ಬೇರೆ ಮಾತು. ಪಕ್ಕದ ಬೊರ್ತೊಲೊನನ್ನೂ ಕರೆದಿದ್ದೆ. ನಮ್ಮ ಮಗ ರುಜ್ಜೇರೊ ಮದುವೆ ಗಂಡಿನ ಹಾಗೆ ಬೀಗುತ್ತ ಬಗ್ಗಿಸಿ ಕೊಟ್ಟ. ಬಣ್ಣವೋ, ಶಾಯಿ. ಮೊದಲ ಗುಟುಕು ಸೊಗಸಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಒಂದು ತುತ್ತು ಪೆಯರಾ ತಿಂದು ಮತ್ತೆ ಕುಡಿದರೆ ಬಾಯಿ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರಿಟ್ಟಿತು. ಮೆಣಸು ಕಹಿಯಾಯಿತು. ಲೋಟದಲ್ಲಿ ಹನಿ ಬಿಡದ ಬೊರ್ತೊಲೊ ನೀರು ಕೇಳಿದ. "ವೈನು ಚೆನ್ನಾಗಿದೆ ಕಣಯ್ಯ. ಆದರೆ ಊಟಕ್ಕೆ ಬಂದ ನೆಂಟನ ಹಾಗಿಲ್ಲ, ಲೆಕ್ಕ ಕೇಳೋಕೆ ಬಂದ ಸಾಹೇಬನ ಹಾಗಿದೆ" ಅಂದ. ಈ ವೈನು ಕುದುರೆ ಮಾಂಸದ ಸಾರಿಗೋ ಹಳೇ ಗಟ್ಟಿ ಚೀಸಿಗೋ ಆದೀತು. ದಿನಾ ಅದನ್ನೇ ತಿನ್ನುವವರು ಯಾರು?

ಹೋದ ಸುಗ್ಗಿಯಲ್ಲಿ ರುಜ್ಜೇರೊ ಕರೆಸಿದ ವೆರೋನಾದ ಆ ವೈನ್ ಪಂಡಿತ ನೆಲಮಾಳಿಗೆಯಲ್ಲಿ ನಿಂತು, ಖಾಲಿ ಹೊಟ್ಟೆಯಲ್ಲಿ ಬಾಯಿ ಮುಕ್ಕಳಿಸಿ ಉಗಿದು, ಕೊರ್ವೀನಾ ದ್ರಾಕ್ಷಿ ಇರಲಿ, ರೊಂದಿನೆಲ್ಲಾ ಇರಲಿ, ಮೊಲಿನಾರಾ ಮಾತ್ರ ಬೇಡ, ಅದು ಅಕ್ಕಿ ತೊಳೆದ ನೀರು, ಬಣ್ಣ ಕೆಡಿಸುತ್ತದೆ, ಈಗ ಕಾಯ್ದೆಯೂ ಅದನ್ನು ಹಾಕಲೇಬೇಕು ಅನ್ನುವುದಿಲ್ಲ ಎಂದ. ನೀನು ಮೆಕ್ಕೆಜೋಳದ ಪೊಲೆಂಟಾ ತಟ್ಟೆ ಹಿಡಿದು ಇಳಿದು ಬಂದು, ಮೊದಲು ತಿನ್ನಿ, ಆಮೇಲೆ ಬೆರೆಸಿ ಅಂದೆ. ಅವನು ನಕ್ಕ. "ಉಪ್ಪು ಕಣ್ಣಿಗೆ ಕಾಣುತ್ತೇನಪ್ಪಾ?" ಎಂದು ನೀನು ಕೇಳಿದ್ದು ನನ್ನ ಕಿವಿಯಲ್ಲೇ ಇದೆ. ಮನೆಯ ಯಜಮಾನ ಅಂತ ನಾನೂ ಅಲ್ಲೇ ಇದ್ದೆ, ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ.

ಜನವರಿಯಲ್ಲಿ ಯಂತ್ರ ಬಂದು ನಿನ್ನಪ್ಪ ನೆಟ್ಟ ಮೊಲಿನಾರಾ ಸಾಲನ್ನು ಕಿತ್ತು ಹಾಕಿತು. ಹೆಸರೇ ಗಿರಣಿಯವಳು ಅಂತ, ಆ ಹಣ್ಣಿನ ಮೇಲಿನ ಬಿಳಿ ಪುಡಿ ನೋಡಿ ಮುದುಕ ಪ್ರತಿ ಸುಗ್ಗಿಗೂ, ಬಂದಳು ನೋಡಿ ನಮ್ಮ ಗಿರಣಿಯವಳು, ಮೈಮೇಲಿನ ಹಿಟ್ಟನ್ನೂ ಕೊಡವಿಲ್ಲ ಎಂದು ತಮಾಷೆ ಮಾಡುತ್ತಿದ್ದ. ಅವತ್ತೇ ನೀನು ಶಾಲು ಹೊದ್ದು ತಂಗಿಯ ಮನೆಗೆ ಬಸ್ಸು ಹತ್ತಿದೆ. ಒಂದು ಮಾತು ಬೈದು ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆರೆಸಿದ್ದನ್ನು ಈಗ ಬೇರೆ ಮಾಡಲಾಗದು. ಈ ವರ್ಷವೆಲ್ಲ ನಮ್ಮ ಊಟದ ಜೊತೆಗೆ ಲೆಕ್ಕ ಕೇಳುವ ಆ ಸಾಹೇಬನೇ.

ಜೆಮ್ಮಾಗೂ ಅವಳ ಗಂಡನಿಗೂ ಕೇಳಿದೆನೆಂದು ಹೇಳು. ದೇವರು ನಿನ್ನ ಮಂಡಿ ಕಾಯಲಿ.

ಸಿಲ್ವೀನೊ

ಮರೆತಿದ್ದೆ: ನೀನು ಹೋದ ದಿನ, ಕಿತ್ತ ಬಳ್ಳಿಗಳ ರಾಶಿಗೆ ಬೆಂಕಿ ಇಡುವ ಮೊದಲು ಒಂದು ಹೊರೆ ಕಡ್ಡಿ ಕತ್ತರಿಸಿ ನೆಲಮಾಳಿಗೆಯ ಒದ್ದೆ ಮರಳಿನಲ್ಲಿ ಹೂತಿಟ್ಟೆ. ಯಾರಿಗೂ ಹೇಳಿಲ್ಲ. ನಿನ್ನೆ ಒಂದನ್ನು ಕೆರೆದು ನೋಡಿದೆ, ಒಳಗೆ ಹಸಿರಿದೆ. ಆ ಸಾಲಿನಲ್ಲಿ ಬೇರೆ ಏನನ್ನೂ ನೆಡಕೂಡದು ಎಂದು ಭಾನುವಾರವೇ ರುಜ್ಜೇರೊಗೆ ಹೇಳಿದ್ದೇನೆ. ನಾನು ಕಟ್ಟಿದ ಕಸಿ ಒಂದೂ ಹಿಡಿದಿಲ್ಲ, ನೀನು ಕಟ್ಟಿದ್ದು ಒಂದೂ ತಪ್ಪಿಲ್ಲ, ನಿನಗೆ ಗೊತ್ತು. ಕಡ್ಡಿ ಬಹಳ ದಿನ ಕಾಯುವುದಿಲ್ಲ. ಬರುತ್ತೀಯೋ ಇಲ್ಲವೋ, ಮಾರ್ಚ್ ಹತ್ತೊಂಬತ್ತು, ಸೇಂಟ್ ಜೋಸೆಫರ ಹಬ್ಬದೊಳಗೆ ಉತ್ತರ ಬರೆ.